ಬಿ ಸೈಡಿನ ಅದೃಷ್ಟ

ನಮ್ಮ ಅಂಗಡಿಗೆ ದಿನಾ ಬೆಳಿಗ್ಗೆ ಹತ್ತೂವರೆಗೆ ಇಬ್ಬರು ಬರುತ್ತಾರೆ. ಒಬ್ಬ ಚಹಾ ತರುವ ಹುಡುಗ, ಇನ್ನೊಬ್ಬ ಲಾಟರಿ ಅಣ್ಣ. ಎರಡೂ ಖರ್ಚೇ. ಆದರೆ ಚಹಾಕ್ಕೆ ಗ್ಯಾರಂಟಿ ಉಂಟು.

ಕಾಸರಗೋಡಿನ ಬದಿಯಡ್ಕದಲ್ಲಿ ನನ್ನದು ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ಟಿವಿ, ಇಸ್ತ್ರಿಪೆಟ್ಟಿಗೆ, ಅಪರೂಪಕ್ಕೆ ಒಂದು ಹಳೇ ರೇಡಿಯೋ. ಹೊರಗಿನಿಂದ ನೋಡಿದರೆ ಎಲ್ಲ ರಿಪೇರಿ ಅಂಗಡಿಯ ಹಾಗೇ. ಒಳಗಿನ ಬೆಂಚಿನ ಹತ್ತಿರ ಮಾತ್ರ ಸಣ್ಣ ವಾಲ್ಯೂಮಿನಲ್ಲಿ ಡೀಪ್ ಪರ್ಪಲ್, ಬ್ಲ್ಯಾಕ್ ಸಬ್ಬತ್, ಲೆಡ್ ಜೆಪ್ಪೆಲಿನ್ ಅಂತ ಹಳೇ ಇಂಗ್ಲಿಷ್ ರಾಕ್ ತಂಡಗಳು ಹಾಡುತ್ತಾ ಇರುತ್ತವೆ. ಗಿರಾಕಿಗಳು ಮೊದಮೊದಲು ಸ್ಪೀಕರ್ ಹಾಳಾಗಿದೆ, ಅದರದ್ದೇ ಸದ್ದು ಅಂದುಕೊಳ್ಳುತ್ತಿದ್ದರು. ಈಗ ಅಭ್ಯಾಸವಾಗಿದೆ.

ಲಾಟರಿ ಅಣ್ಣ ಟಿಕೆಟುಗಳನ್ನು ಇಸ್ಪೀಟು ಎಲೆಯ ಹಾಗೆ ಬಿಡಿಸಿ ಹಿಡಿಯುತ್ತಾನೆ. ನಾನು ಕೊನೆಯ ಎರಡಂಕಿ ಮಾತ್ರ ನೋಡುವುದು. 33, 45 ಅಥವಾ 78 ಇದ್ದರೆ ವಾರಕ್ಕೆ ಒಂದು ತೆಗೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಇಲ್ಲ. ಗ್ರಾಮಫೋನ್ ತಟ್ಟೆ ಒಂದು ನಿಮಿಷಕ್ಕೆ ತಿರುಗುವ ಸುತ್ತಿನ ಲೆಕ್ಕ ಅದು. ಎಲ್.ಪಿ.ಗೆ 33 ಚಿಲ್ಲರೆ, ಸಣ್ಣ ತಟ್ಟೆಗೆ 45, ಅಜ್ಜನ ಕಾಲದ ಭಾರದ ತಟ್ಟೆಗೆ 78. ಇದರಿಂದ ಬಹುಮಾನ ಬರುವುದಿಲ್ಲ ಅಂತ ನನಗೂ ಗೊತ್ತು. ಕೊನೆಯ ನಾಲ್ಕಂಕಿ ಅಂದರೆ 0000ದಿಂದ 9999. ಡ್ರಾದಲ್ಲಿ ಎತ್ತಿದ ಒಂದು ನಂಬರಿಗೆ ನಮ್ಮದು ಸರಿ ಹೊಂದುವುದು 10,000ದಲ್ಲಿ ಒಂದು ಸಲ. ಅದಕ್ಕೆ ನನ್ನ 33, 45ರ ಹಂಗಿಲ್ಲ. ಆದರೂ ಸುಮ್ನೆ ಕೈಗೆ ಸಿಕ್ಕಿದ್ದು ತೆಗೆದುಕೊಳ್ಳುವುದಕ್ಕಿಂತ ಇದು ಚಂದ, ಅಲ್ವಾ? ಇಷ್ಟು ವರ್ಷದಲ್ಲಿ ಮೂರು ಸಲ ನೂರು ರೂಪಾಯಿ ಬಂದಿದೆ. 40 ರೂಪಾಯಿಯ ಟಿಕೆಟು ಈಗ 50 ಆಗಿದೆ. ಹೋದದ್ದೆಷ್ಟು ಅಂತ ಹೆಂಡತಿ ಹತ್ತಿರ ಹೇಳಿಲ್ಲ.

ಲಾಟರಿಗೆ ಮಲಯಾಳದಲ್ಲಿ ಭಾಗ್ಯಕ್ಕುರಿ ಅನ್ನುತ್ತಾರೆ. ಅವರಿಗೆ ಕುರಿ ಅಂದರೆ ಚೀಟಿ. ಕನ್ನಡ ಶಾಲೆಗೆ ಹೋದ ನಮಗೆ ಮಾತ್ರ ಕೊರಳಿಗೆ ಮಾಲೆ ಹಾಕಿಕೊಂಡ ಕುರಿಯೇ ಕಣ್ಣ ಮುಂದೆ ಬರುವುದು. ಸಣ್ಣವನಿದ್ದಾಗ ಈ ಭಾಗ್ಯದ ಕುರಿಯನ್ನು ಗೆದ್ದವರು ಕಟ್ಟುವುದೆಲ್ಲಿ ಅಂತ ಅಪ್ಪನ ಹತ್ತಿರ ಕೇಳಿದ್ದೆ. ಕೇರಳ ಸರ್ಕಾರ 1967ರಲ್ಲಿ ಶುರು ಮಾಡಿದ್ದು ಇದನ್ನು. ಗಡಿಯಾಚೆ ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಂತಿತು. ಹಾಗಾಗಿ ಮಂಗಳೂರು ಕಡೆಯ ನೆಂಟರು ಬಂದರೆ ಊಟಕ್ಕಿಂತ ಮೊದಲು ಲಾಟರಿ ಸ್ಟಾಲು ಎಲ್ಲಿ ಅಂತ ಕೇಳುತ್ತಾರೆ. 2024ರ ಓಣಂ ಬಂಪರಿನ 25 ಕೋಟಿ ಹೋದದ್ದು ಕರ್ನಾಟಕದ ಒಬ್ಬ ಮೆಕ್ಯಾನಿಕ್‌ಗೆ. ಆ ವಾರ ಇಡೀ ಪೇಟೆ ನನ್ನನ್ನು ಒಂಥರಾ ನೋಡಿತು. ಮೆಕ್ಯಾನಿಕ್ ಹೌದು, ನಾನಲ್ಲ ಮಾರಾಯ್ರೆ.

ನನ್ನ ಅದೃಷ್ಟ ಬರುವ ದಾರಿಯೇ ಬೇರೆ. ಅದು ಯಾವಾಗಲೂ ಇನ್ನೊಬ್ಬರ ಹಾಳಿನ ಮೂಲಕ ಬರುತ್ತದೆ. ಏಪ್ರಿಲ್, ಮೇ ತಿಂಗಳ ಸಿಡಿಲು, ಅಕ್ಟೋಬರಿನ ತುಲಾ ಮಳೆಯ ಸಿಡಿಲು, ಇವೆರಡು ನನ್ನ ಸೀಸನ್. ರಾತ್ರಿ ಒಂದು ಸಲ ದೊಡ್ಡದಾಗಿ ಬಡಿದರೆ ಮರುದಿನ ಅಂಗಡಿ ಮುಂದೆ ಟಿವಿ, ಮೋಡೆಮ್, ಪಂಪಿನ ಸ್ಟಾರ್ಟರು ಸಾಲಾಗಿ ಕೂತಿರುತ್ತವೆ. ಸಿಡಿಲು ಬೀಳಲಿ ಅಂತ ಯಾವತ್ತೂ ಬೇಡಿಕೊಂಡಿಲ್ಲ. ಆದರೆ ಬಿದ್ದಾಗ ಎದ್ದು ಕೂತು ಎಷ್ಟು ದೂರದಲ್ಲಿ ಬಿತ್ತು ಅಂತ ಲೆಕ್ಕ ಹಾಕಿದ್ದು ಉಂಟು.

ರಾಕ್ ಹಾಡಿನ ಹುಚ್ಚು ಹಿಡಿದದ್ದೂ ಇದೇ ದಾರಿಯಲ್ಲಿ.

1985. ನನಗೆ 14 ವರ್ಷ. ಪಕ್ಕದ ಮನೆಯ ಕಾಕ ಗಲ್ಫಿನಿಂದ ರಜೆಯಲ್ಲಿ ಬಂದರು. ಈ ಸಲ ದೊಡ್ಡ ಹೊಸ ಸೆಟ್ಟು ತಂದಿದ್ದರು. ಅಲ್ಲಿ ರೂಮಿನಲ್ಲಿ ಬಳಸುತ್ತಿದ್ದ ಹಳೇ ಟೂ-ಇನ್-ವನ್ ಅವರಿಗೆ ಬೇಡವಾಗಿತ್ತು. ಅಪ್ಪ 300 ರೂಪಾಯಿ ಕೊಟ್ಟು ತೆಗೆದುಕೊಂಡರು. ಅಪ್ಪನಿಗೆ ಬೇಕಿದ್ದದ್ದು ಮಂಗಳೂರು ಆಕಾಶವಾಣಿಯ ವಾರ್ತೆ, ಮಾವನಿಗೆ ಬೇಕಿದ್ದದ್ದು ತಾಳಮದ್ದಳೆಯ ಕ್ಯಾಸೆಟ್ಟು. ನನಗೆ ಏನೂ ಬೇಕಿರಲಿಲ್ಲ. ಆದರೆ ಬಾಗಿಲು ತೆಗೆದರೆ ಒಳಗೆ ಒಂದು ಕ್ಯಾಸೆಟ್ಟು ಹಾಗೇ ಕೂತಿತ್ತು. ಮೇಲೆ ಹೆಸರಿಲ್ಲ, ಚೀಟಿ ಇಲ್ಲ, ಬರೀ 60 ಅಂತ ಅಚ್ಚಾಗಿತ್ತು. ಕಾಕನಿಗೆ ತೋರಿಸಿದೆ. "ಅದು ಅಲ್ಲಿಯ ಒಬ್ಬ ಇಂಗ್ಲಿಷ್ ಇಂಜಿನಿಯರ್ ಊರಿಗೆ ಹೋಗುವಾಗ ಬಿಸಾಡಿದ್ದು ಮೋನೇ. ನೀನೇ ಇಟ್ಟುಕೋ," ಅಂದರು.

ಹಾಕಿದೆ. ಎ ಸೈಡಿನಲ್ಲಿ ಮೊದಲು ಗಿಟಾರು ಒಂದೇ. ಆಮೇಲೆ ಡ್ರಮ್ಮು, ಆಮೇಲೆ ಉಳಿದವರು. ಒಬ್ಬೊಬ್ಬರಾಗಿ ರಂಗಸ್ಥಳಕ್ಕೆ ಬಂದ ಹಾಗೆ. ಮಾವ ಒಳಗಿನಿಂದ ಬಂದು ನಿಂತರು. ಕುಂಬಳೆಯ ಪಾರ್ತಿಸುಬ್ಬನ ಊರಿನ ಕಡೆಯವರು, ಯಕ್ಷಗಾನ ಬಿಟ್ಟರೆ ಬೇರೆ ಲೋಕ ಇಲ್ಲ. ಸ್ವಲ್ಪ ಹೊತ್ತು ಕಿವಿ ಕೊಟ್ಟು, "ಅಬ್ಬರತಾಳ ಅಡ್ಡಿಯಿಲ್ಲ. ಭಾಗವತರಿಗೆ ಶೀತ ಆಗಿದೆ," ಅಂದು ಹೋದರು. ರಾಕ್ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಇನ್ನೂ ಓದಿಲ್ಲ.

ಬಿ ಸೈಡಿಗೆ ತಿರುಗಿಸಿದರೆ ಹಾಡೇ ಇಲ್ಲ. ಒಬ್ಬರು ಅಜ್ಜಿಯ ದನಿ. ನಮ್ಮ ಕಾಸರಗೋಡಿನ ಮಲಯಾಳ. ಹಿಂದೆ ಕೋಳಿ ಕೂಗುತ್ತಿತ್ತು. ಯಾರಿಗೋ ಜ್ವರ ಬಿಟ್ಟಿತು, ಬಾವಿಕಟ್ಟೆ ಕಟ್ಟಿಸಿ ಆಯ್ತು, ಎಮ್ಮೆ ಕರು ಹಾಕಿತು, ನೀನು ಹೊತ್ತಿಗೆ ಸರಿ ಊಟ ಮಾಡು, ಹೀಗೆ. ಎರಡು ನಿಮಿಷ ನಲವತ್ತು ಸೆಕೆಂಡು. ಆಮೇಲೆ ಟಕ್ ಅಂತ ಒಂದು ಸದ್ದು, ಅದರ ಬೆನ್ನಿಗೇ ನಡುವಿನಿಂದ ಹಾರಿ ಬಂದ ಹಾಗೆ ಒಂದು ಹಾಡು. ಆರ್ಗನ್, ಗಿಟಾರು, ಗಂಟಲು ಹರಿಯುವ ಹಾಗೆ ಕೂಗುವ ಒಬ್ಬ.

ಆ ಕಾಲದಲ್ಲಿ ಗಲ್ಫಿಗೆ ಹೋದವರಿಗೆ ಮನೆಯಿಂದ ಹೀಗೆ ದನಿಯ ಕಾಗದ ಕಳಿಸುತ್ತಿದ್ದರು. ಓದು ಬರಹ ಬಾರದ ಹಿರಿಯರು ಕ್ಯಾಸೆಟ್ಟಿನಲ್ಲಿ ಮಾತಾಡಿ, ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುವುದು. ಹೊಸ ಕ್ಯಾಸೆಟ್ಟು ಇಲ್ಲದಿದ್ದರೆ ಇದ್ದದ್ದರ ಮೇಲೆಯೇ. ಇಂಜಿನಿಯರ್ ಬಿಸಾಡಿದ ಕ್ಯಾಸೆಟ್ಟು ಹಿಂದಿನ ರಜೆಯಲ್ಲಿ ಊರಿಗೆ ಬಂದು, ಕಾಕನ ಉಮ್ಮನ, ಅಂದರೆ ತಾಯಿಯ, ಮಾತು ಹೊತ್ತುಕೊಂಡು ಮತ್ತೆ ಗಲ್ಫಿಗೆ ಹೋಗಿ, ಸೆಟ್ಟಿನ ಹೊಟ್ಟೆಯಲ್ಲಿ ಕೂತು ನಮ್ಮ ಮನೆಗೆ ಬಂದಿತ್ತು. ನನಗಿಂತ ಜಾಸ್ತಿ ದೇಶ ನೋಡಿದ ವಸ್ತು.

ನಾನು ಮಾಡಿದ ಮೊದಲ ಕೆಲಸ, ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲು ಮುರಿದದ್ದು. ಅದು ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಲು ಆಗುವುದಿಲ್ಲ, ಇನ್ಯಾರೂ ಅದರ ಮೇಲೆ ಮಾತಾಡಲು ಬರುವುದಿಲ್ಲ. ಉಳಿಸಬೇಕು ಅಂತಿದ್ದದ್ದು ಹಾಡನ್ನು. ಉಮ್ಮನ ಮಾತು ಬಂದಾಗ ಫಾಸ್ಟ್ ಫಾರ್ವರ್ಡ್ ಒತ್ತುತ್ತಿದ್ದೆ.

ಎರಡನೇ ಕೆಲಸ, ಅದನ್ನು ಹಾಳು ಮಾಡಿದ್ದು. ಒಂದು ಮಳೆಗಾಲದ ರಾತ್ರಿ ಸೆಟ್ಟು ಟೇಪನ್ನು ನುಂಗಿತು. ಬಿ ಸೈಡಿನ ಹಾಡಿನ ನಡುವೆ, ಸರಿಯಾಗಿ ಗಿಟಾರು ಏರುವ ಜಾಗ. ಮೆಲ್ಲ ಎಳೆದು ತೆಗೆದರೆ ಗೇಣುದ್ದ ಟೇಪು ಅಕಾರ್ಡಿಯನ್ನಿನ ಹಾಗೆ ಮಡಿಚಿತ್ತು. ಬ್ಲೇಡಿನಲ್ಲಿ ಹತ್ತು ಸೆಂಟಿಮೀಟರ್ ಕತ್ತರಿಸಿ ಸೆಲೋಟೇಪು ಹಚ್ಚಿದೆ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಹತ್ತು ಸೆಂಟಿಮೀಟರ್ ಅಂದರೆ ಎರಡು ಸೆಕೆಂಡು ಹೋಯ್ತು. ಇವತ್ತಿಗೂ ಆ ಹಾಡನ್ನು ಗುನುಗುವಾಗ ನಾನು ಆ ಎರಡು ಸೆಕೆಂಡು ಹಾರುತ್ತೇನೆ. ಸರಿಯಾದ ಹಾಡು ಕೇಳಿದರೆ ನಡುವೆ ಯಾರೋ ಏನೋ ತುರುಕಿದ ಹಾಗೆ ಕಾಣುತ್ತದೆ.

ಎ ಸೈಡಿನ ಹೆಸರು ಸಿಕ್ಕಿದ್ದು ಮಂಗಳೂರಿನಲ್ಲಿ ಐಟಿಐ ಮಾಡುವಾಗ. ರೂಮಿನ ಹುಡುಗನ ಎದುರು ಆ ಗಿಟಾರನ್ನು ಬಾಯಲ್ಲಿ ಹೇಳಿದೆ. ನಾಲ್ಕು ಸ್ವರ ಮುಗಿಯುವುದರೊಳಗೆ ಅವನು ಮಂಚದಿಂದ ಎದ್ದು, "ಸ್ಮೋಕ್ ಆನ್ ದ ವಾಟರ್!" ಅಂದ. ಡೀಪ್ ಪರ್ಪಲ್. ಆ ಹಾಡಿನ ಕಥೆ ಅವನೇ ಹೇಳಿದ್ದು. ಆಮೇಲೆ ನಾನು ಓದಿಯೂ ಖಾತ್ರಿ ಮಾಡಿಕೊಂಡೆ.

1971ರ ಡಿಸೆಂಬರ್ 4. ಸ್ವಿಟ್ಜರ್‌ಲೆಂಡಿನ ಮಾಂಟ್ರೋ ಎಂಬ ಊರು, ಕೆರೆಯ ದಂಡೆಯಲ್ಲಿ ಒಂದು ಕ್ಯಾಸಿನೊ. ಅಲ್ಲಿ ಫ್ರ್ಯಾಂಕ್ ಜಪ್ಪಾ ಎಂಬ ರಾಕ್ ಸಂಗೀತಗಾರನ ಕಾರ್ಯಕ್ರಮ. ಸಭೆಯಲ್ಲಿದ್ದ ಯಾರೋ ಒಬ್ಬ ಫ್ಲೇರ್ ಗನ್, ಅಂದರೆ ಸಂಕೇತಕ್ಕೆ ಉರಿ ಹಾರಿಸುವ ಪಿಸ್ತೂಲು, ಹಾರಿಸಿದ. ಮಾಡಿಗೆ ಬೆಂಕಿ ಹಿಡಿದು ಇಡೀ ಕಟ್ಟಡ ಸುಟ್ಟು ಹೋಯ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಡೀಪ್ ಪರ್ಪಲ್‌ನವರು ಅದೇ ಕಟ್ಟಡದಲ್ಲಿ ಆಲ್ಬಮ್ ರೆಕಾರ್ಡ್ ಮಾಡಲು ಬಂದಿದ್ದರು. ಜಾಗ ಬೂದಿಯಾಯ್ತು. ನೀರಿನ ಮೇಲೆ ಹೊಗೆ ಹರಡಿದ್ದು ನೋಡಿದರು, ಅದೇ ಹಾಡಾಯ್ತು. ಬೇರೆ ಒಂದು ಸಭಾಂಗಣದಲ್ಲಿ ಅದರ ಗಿಟಾರು, ಡ್ರಮ್ಮು ನುಡಿಸುತ್ತಿದ್ದರೆ ಗಲಾಟೆ ಅಂತ ಪೊಲೀಸರು ಬಂದರು. ಕೊನೆಗೆ ಚಳಿಗಾಲಕ್ಕೆ ಮುಚ್ಚಿದ್ದ ಒಂದು ಹೋಟೆಲಿನ ಕಾರಿಡಾರಿನಲ್ಲಿ ಹಾಸಿಗೆಗಳನ್ನು ಅಡ್ಡ ಇಟ್ಟು ಆಲ್ಬಮ್ ಮುಗಿಸಿದರು. ಉರಿಯುವ ಮನೆಯಿಂದ ಗಳ ಹಿರಿಯುವುದು ಅಂತ ನಾವು ಬೈಯುತ್ತೇವಲ್ಲ, ಅವರು ಹಿರಿದ ಗಳ ಇವತ್ತಿಗೂ ಗಟ್ಟಿ ನಿಂತಿದೆ.

ಜಪ್ಪಾನ ಪಾಡು? ವಾದ್ಯ, ಯಂತ್ರ ಎಲ್ಲ ಬೆಂಕಿಗೆ ಹೋಯ್ತು. ವಾರ ಕಳೆಯುವುದರೊಳಗೆ ಲಂಡನ್ನಿನಲ್ಲಿ ಒಬ್ಬ ಅವನನ್ನು ವೇದಿಕೆಯಿಂದ ಕೆಳಗೆ ದೂಡಿದ. ತಿಂಗಳುಗಟ್ಟಲೆ ಗಾಲಿಕುರ್ಚಿ. ಒಂದೇ ಬೆಂಕಿ, ಇಬ್ಬರಿಗೆ ಎರಡು ಲೆಕ್ಕ. ಜಾತಕ ನೋಡುವವರು ಇದಕ್ಕೆ ಏನೋ ಹೇಳಿಯಾರು. ನನಗೆ ಇದು ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋದ ಹಾಗೆಯೇ ಕಾಣುತ್ತದೆ.

ಹಾಗಂತ ಎಲ್ಲವನ್ನೂ ಕಾಗೆಯ ತಲೆಗೆ ಕಟ್ಟಲೂ ಆಗುವುದಿಲ್ಲ. ಬ್ಲ್ಯಾಕ್ ಸಬ್ಬತ್‌ನ ಗಿಟಾರಿನವನು ಟೋನಿ ಐಯೋಮಿಯನ್ನೇ ನೋಡಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ತಗಡಿನ ಕಾರ್ಖಾನೆಯ ಕೆಲಸ. ಬಿಡುವ ಕೊನೇ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲ ಅಂದನಂತೆ, ಹೋಗಿ ಮುಗಿಸಿ ಬಾ ಅಂತ ಅಮ್ಮ ಕಳಿಸಿದರಂತೆ. ಆ ಮಧ್ಯಾಹ್ನವೇ ಮೆಷಿನ್ನಿಗೆ ಕೈ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯ್ತು. ಅವನು ಎಡಚ. ತಂತಿ ಒತ್ತುವ ಕೈಯೇ ಅದು. ಅವನು ಮಾಡಿದ್ದೇನು ಗೊತ್ತಾ? ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಉಂಡೆ ಮಾಡಿ, ಸೋಲ್ಡರಿಂಗ್ ಐರನ್ನಿನಲ್ಲಿ ತೂತು ತೆಗೆದು ಬೆರಳಿಗೆ ಟೊಪ್ಪಿ ಮಾಡಿಕೊಂಡ. ಜಾರದ ಹಾಗೆ ಮೇಲೆ ಚರ್ಮ ಅಂಟಿಸಿದ. ಆಮೇಲಾಮೇಲೆ ತಂತಿಯನ್ನೂ ಸಡಿಲ ಮಾಡಿ ಶ್ರುತಿ ಇಳಿಸಿದ. ಆ ಇಳಿದ ದಪ್ಪ ದನಿಯಿಂದಲೇ ಹೆವಿ ಮೆಟಲ್ ಅಂತ ಒಂದು ಜಾತಿ ಬೆಳೆಯಿತು. ಅವರ ಮೊದಲ ಆಲ್ಬಮ್ ಹೊರಗೆ ಬಂದದ್ದು 1970ರ ಫೆಬ್ರವರಿ 13, ಶುಕ್ರವಾರ. ಅವರ ಊರಿನಲ್ಲಿ ಶುಕ್ರವಾರ 13 ಅಂದರೆ ನಮ್ಮ ರಾಹುಕಾಲದ ಅಣ್ಣ. ನನಗೆ ದಿನದ ಮೇಲೆ ಆಸಕ್ತಿ ಇಲ್ಲ, ಸೋಲ್ಡರಿಂಗ್ ಐರನ್ನಿನ ಮೇಲೆ ಉಂಟು. ಅದು ಓದಿದ ದಿನ ನನ್ನ ಬೆಂಚಿನ ಐರನ್ನನ್ನು ಒರೆಸಿ ಇಟ್ಟೆ.

ಬದಲಿಗೆ ಹೋದವರ ಅದೃಷ್ಟ ಇನ್ನೊಂದು ಥರ. 1964ರ ಜೂನ್‌ನಲ್ಲಿ ಬೀಟಲ್ಸ್‌ನ ಡ್ರಮ್ಮಿನವನು ರಿಂಗೋ ಸ್ಟಾರ್‌ಗೆ ಗಂಟಲು ಬಾತು ಆಸ್ಪತ್ರೆ ಸೇರಿದ. ಜಿಮ್ಮಿ ನಿಕೋಲ್ ಎಂಬವನನ್ನು ಕರೆದರು. ಅವನು ಹದಿಮೂರು ದಿನ ಬೀಟಲ್ಸ್. ರಿಂಗೋ ಗುಣವಾಗಿ ಬಂದ, ಇವನಿಗೆ ಸಂಬಳ ಮತ್ತು ಒಂದು ಚಿನ್ನದ ವಾಚು ಕೊಟ್ಟು ಕಳಿಸಿದರು. ಮರುವರ್ಷ ದಿವಾಳಿ. ಮಾವನಿಗೆ ಈ ಕಥೆ ಹೇಳಿದೆ. ಅವರು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. "ಮುಖ್ಯ ವೇಷ ಬಾರದ ದಿನ ಬದಲಿಗೆ ಕಟ್ಟಿದವನನ್ನು ಎಷ್ಟು ನೋಡಿದ್ದೇನೆ. ಅವತ್ತು ಚಪ್ಪಾಳೆ, ಮರುದಿನ ಮತ್ತೆ ಕೋಡಂಗಿ," ಅಂದರು.

ಇನ್ನು 27ರ ಗಲಾಟೆ. ರಾಕ್ ಲೋಕದ ಹೆಂಡ್ರಿಕ್ಸ್, ಜಾನಿಸ್ ಜೋಪ್ಲಿನ್, ಜಿಮ್ ಮಾರಿಸನ್, ಕರ್ಟ್ ಕೊಬೇನ್, ಎಲ್ಲ 27ನೇ ವಯಸ್ಸಿಗೇ ಹೋದರು. ಇದು ಕೇಳಿ ನನ್ನ ಹೆಂಡತಿ, "27 ನಕ್ಷತ್ರ ಮುಗಿಯಿತಲ್ಲ ಮಾರಾಯ್ರೆ, ಮತ್ತೆ ಎಂತ ಉಂಟು?" ಅಂದಳು. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕೆಲವರು ಲೆಕ್ಕ ಹಾಕಿ ನೋಡಿ, 27ಕ್ಕೆ ಅಂತ ವಿಶೇಷವಾಗಿ ಏನೂ ಇಲ್ಲ ಅಂದರು. ಚಿಕ್ಕ ಪ್ರಾಯದಲ್ಲಿ ಹೆಸರು ಮಾಡಿದವರಿಗೆ ಸಾವಿನ ಅಪಾಯ ಜಾಸ್ತಿ, ಅಷ್ಟೇ. ಹೆಂಡತಿಯ ವಿವರಣೆ ಕೇಳಲು ಇದಕ್ಕಿಂತ ಚಂದ ಇತ್ತು.

ಬಿ ಸೈಡಿಗೆ ಬರುತ್ತೇನೆ.

ಆ ಹಾಡಿನ ಹೆಸರು ಮಾತ್ರ ಸಿಗಲಿಲ್ಲ. ಐಟಿಐಯಲ್ಲಿ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ. ಹಾಡಿ ತೋರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಪ್ಪು ನನ್ನ ಗಂಟಲಿನದ್ದೂ ಇರಬಹುದು. 2019ರಲ್ಲಿ ಮಗಳು ಪ್ಲಸ್ ಟು ಓದುತ್ತಿದ್ದಳು. ಒಂದು ಭಾನುವಾರ ಕ್ಯಾಸೆಟ್ಟು ಹಾಕಿದ್ದೆ. ಅವಳು ಫೋನನ್ನು ಸ್ಪೀಕರಿನ ಹತ್ತಿರ ಹಿಡಿದು, "ಅಪ್ಪ, ಜುಲೈ ಮಾರ್ನಿಂಗ್. ಯೂರಾಯಾ ಹೀಪ್ ತಂಡದ್ದು. 1971," ಅಂದಳು. 34 ವರ್ಷ ಹುಡುಕಿದ್ದು. ಅವಳಿಗೆ ಹತ್ತು ಸೆಕೆಂಡು ಸಾಕಾಯ್ತು. ಖುಷಿಗಿಂತ ಜಾಸ್ತಿ ಸ್ವಲ್ಪ ಸಿಟ್ಟೇ ಬಂತು. ಇವಳ ಕಾಲದಲ್ಲಿ ಹಾಡುಗಳು ಹುಡುಕಿಕೊಂಡು ಬರುತ್ತವೆ. ಗಾಯಕಿ ಕೇಟ್ ಬುಶ್‌ಳ 1985ರ ಒಂದು ಹಾಡು ಯಾವುದೋ ಧಾರಾವಾಹಿಯಲ್ಲಿ ಬಂದು, 2022ರಲ್ಲಿ, 37 ವರ್ಷದ ಮೇಲೆ, ಬ್ರಿಟನ್ನಿನಲ್ಲಿ ಒಂದನೇ ನಂಬರಿಗೆ ಹೋಯ್ತು. ಮಗಳು ಅದನ್ನು ಹೊಸ ಹಾಡು ಅಂದುಕೊಂಡು ನನಗೆ ಕಳಿಸಿದ್ದಳು.

ಇಡೀ ಹಾಡು ಕೇಳಿದ ಮೇಲೆ ತಲೆ ಚಚ್ಚಿಕೊಂಡೆ. ಹಾಡಿನ ಹೆಸರು ಬರುವುದು ಮೊದಲ ಸಾಲಿನಲ್ಲೇ. ಸರಿಯಾಗಿ ಆ ಸಾಲಿನ ಮೇಲೆ ಉಮ್ಮ ಬಾವಿಕಟ್ಟೆಯ ವಿಷಯ ಮಾತಾಡಿದ್ದರು! ಹತ್ತು ನಿಮಿಷ ದಾಟುವ ಹಾಡು ಅದು. ಬಲ್ಗೇರಿಯ ದೇಶದಲ್ಲಿ ಈ ಹಾಡಿನ ನೆಪದಲ್ಲಿ ಒಂದು ಆಚರಣೆಯೇ ಉಂಟಂತೆ. ಜೂನ್ 30ರ ರಾತ್ರಿ ಹುಡುಗ ಹುಡುಗಿಯರು ಕಪ್ಪು ಸಮುದ್ರದ ದಂಡೆಗೆ ಹೋಗಿ, ಬೆಂಕಿ ಹಾಕಿ ಕೂತು, ಜುಲೈ ಒಂದರ ಸೂರ್ಯ ಹುಟ್ಟುವುದನ್ನು ನೋಡುತ್ತಾರೆ. ನಾನೂ ಮರುವರ್ಷ ಜುಲೈ ಒಂದಕ್ಕೆ ಐದೂವರೆಗೆ ಎದ್ದು ಜಗುಲಿಯಲ್ಲಿ ಕೂತೆ. ಕಾಸರಗೋಡಿನಲ್ಲಿ ಜುಲೈಯ ಸೂರ್ಯ! ಅಡಿಕೆ ಸೋಗೆ ಸಹ ಕಾಣದ ಹಾಗೆ ಮಳೆ ಹೊಡೆಯುತ್ತಿತ್ತು. ಹೆಂಡತಿ ಬಂದು, "ಎಂತ, ಹೊಟ್ಟೆ ಸರಿ ಇಲ್ವಾ?" ಅಂತ ಕೇಳಿದಳು.

ಅದು 2020. ಕೊರೋನ ಕಾಲ, ಅಂಗಡಿ ಮುಚ್ಚಿದ ದಿನಗಳೇ ಜಾಸ್ತಿ. ಕ್ಯಾಸೆಟ್ಟಿನ ಡಬ್ಬಿ ಅಂಗಡಿಯಲ್ಲೇ ಉಳಿಯಿತು, ಎರಡು ಮಳೆಗಾಲ.

2021ರ ಅಕ್ಟೋಬರಿನಲ್ಲಿ ಕಾಕ ಮಿಕ್ಸಿ ಹಿಡಿದುಕೊಂಡು ಬಂದರು. ಗಲ್ಫು ಬಿಟ್ಟು ಎಷ್ಟೋ ವರ್ಷ ಆಗಿತ್ತು, 75ರ ಹತ್ತಿರ ಪ್ರಾಯ. ಕಪ್ಲರ್ ಸವೆದಿತ್ತು, ಹತ್ತು ನಿಮಿಷದ ಕೆಲಸ. ಕೂತರು. ಒಳಗೆ ಫೋನಿನಲ್ಲಿ ಜುಲೈ ಮಾರ್ನಿಂಗ್ ಓಡುತ್ತಿತ್ತು. ಅದು ನಡುವಿಗೆ ಬಂದದ್ದೇ ಕಾಕ ತಲೆ ಎತ್ತಿದರು.

"ಇದು ಉಮ್ಮ ಮಾತಾಡಿ ಆದ ಮೇಲೆ ಬರುವ ಗಲಾಟೆ ಅಲ್ವಾ ಮೋನೇ?"

ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು. ಅವರು ಆ ದನಿಯ ಕಾಗದವನ್ನು ಗಲ್ಫಿನ ರೂಮಿನಲ್ಲಿ ಎಷ್ಟೋ ಸಲ ಕೇಳಿದ್ದರು. ಪ್ರತಿ ಸಲ ಉಮ್ಮನ ಮಾತು ಮುಗಿದು ಟಕ್ ಅಂದ ಕೂಡಲೇ ಈ ಗಲಾಟೆ. 1987ರಲ್ಲಿ ಉಮ್ಮ ಹೋದಾಗ ರಜೆ ಸಿಗಲಿಲ್ಲ. ಆಮೇಲೆ ಬಂದು ಮನೆಯ ಕ್ಯಾಸೆಟ್ಟುಗಳನ್ನೆಲ್ಲ ಹುಡುಕಿದ್ದರು. ಸೆಟ್ಟಿನ ಹೊಟ್ಟೆಯಲ್ಲಿ ಹೋದದ್ದು ಇದೇ ಅಂತ ನೆನಪಾಗಿರಲಿಲ್ಲ. ಬೇರೆ ಎಲ್ಲೂ ಉಮ್ಮನ ದನಿ ಇಲ್ಲ. ಪಕ್ಕದ ಮನೆಯಲ್ಲಿ ನಾನು ಅದನ್ನು ಫಾಸ್ಟ್ ಫಾರ್ವರ್ಡ್ ಒತ್ತುತ್ತಾ ಕೂತಿದ್ದೆ.

"ಒಂದು ವಾರ ಕೊಡಿ ಕಾಕ," ಅಂದೆ. ಆ ವಾರ ಏನು ಮಾಡಿದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದು ಇರಬಹುದು.

ಡಬ್ಬಿ ತೆಗೆದರೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು. ಹಾಗೇ ಹಾಕಿ ಓಡಿಸಿದ್ದರೆ ಹೆಡ್ಡಿಗೂ ಹಿಡಿದು, ಟೇಪೂ ತುಂಡಾಗುತ್ತಿತ್ತು. ಮೊದಲು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಸ್ಟೀಲ್ ಡಬ್ಬಿಯಲ್ಲಿ ಎರಡು ದಿನ ಮುಚ್ಚಿಟ್ಟೆ. ಅಡಿಕೆ ಅಟ್ಟದಲ್ಲಿ ಇಡಿ ಅಂತ ಹೆಂಡತಿ ಹೇಳಿದಳು. ಬೇಡ, ಆ ಬಿಸಿಗೆ ಚಿಪ್ಪು ಬಾಗುತ್ತದೆ. ಮೂರನೇ ದಿನ ಚಿಪ್ಪಿನ ಐದು ಸ್ಕ್ರೂ ಬಿಚ್ಚಿದೆ. ಒಳಗೆ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಉಣ್ಣೆಯ ತುಂಡು ಇರುತ್ತದೆ. ಅದು ಉದುರಿ ಹೋಗಿತ್ತು. ಅದು ಇಲ್ಲದಿದ್ದರೆ ದನಿ ಗೋಣಿಯೊಳಗಿನಿಂದ ಬಂದ ಹಾಗೆ. ಇನ್ನೊಂದು ಬೇಡದ ಕ್ಯಾಸೆಟ್ಟಿನ ಚಿಪ್ಪು ತೆಗೆದುಕೊಂಡು ಟೇಪಿನ ಎರಡೂ ಸುರುಳಿಯನ್ನು ಅದಕ್ಕೆ ದಾಟಿಸಿದೆ. ಕೈ ನಡುಗಿದರೆ ಕಥೆ ಮುಗಿಯಿತು, 90 ಮೀಟರು ಟೇಪು ನೆಲದ ಮೇಲೆ. ಮುಂಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ ಮಾಡಿದೆ. ಆಮೇಲೆ ಪೆನ್ಸಿಲಿನಲ್ಲಿ ಮೆಲ್ಲ ಸುತ್ತುತ್ತಾ, ನೂಲಿಲ್ಲದ ಮೆತ್ತಗಿನ ಬಟ್ಟೆಯಲ್ಲಿ ಬೂಷ್ಟು ಒರೆಸಿದೆ. ಇಡೀ ಟೇಪಿಗೆ ಒಂದು ಸಂಜೆ ಬೇಕಾಯ್ತು. 1980ರ ದಶಕದ ನನ್ನ ಸೆಲೋಟೇಪು ಬಂದಾಗ ನಾಚಿಕೆಯಾಯ್ತು. ಅಂಟು ಹೊರಗೆ ಬಂದು ಪಕ್ಕದ ಸುತ್ತಿಗೂ ಹಿಡಿದಿತ್ತು. ಮೆಲ್ಲ ಬಿಡಿಸಿ, ಓರೆಯಾಗಿ ಕತ್ತರಿಸಿ, ಟೇಪು ಜೋಡಿಸುವುದಕ್ಕೇ ಇರುವ ಅಂಟುಪಟ್ಟಿ ಹಾಕಿದೆ. ಸೆಲೋಟೇಪು ದಯಮಾಡಿ ಯಾರೂ ಹಾಕಬೇಡಿ.

ಡೆಕ್ಕಿನ ಬೆಲ್ಟು ಡಾಮರಿನ ಹಾಗೆ ಕರಗಿತ್ತು, ಹೊಸದು ಹಾಕಿದೆ. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ರೆಕಾರ್ಡ್ ಮಾಡಿದ ಸೆಟ್ಟಿನ ಹೆಡ್ಡು ಎಷ್ಟು ಓರೆ ಇತ್ತೋ ಅಷ್ಟೇ ಓರೆ ಇದನ್ನೂ ಮಾಡಬೇಕು. ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕೇಳುತ್ತಿದ್ದರೆ ಒಂದು ಜಾಗದಲ್ಲಿ ದನಿಯ ಮೇಲಿನ ಮಂಜು ತಟ್ಟನೆ ಹಾರುತ್ತದೆ. ಸ, ಶ ಅಕ್ಷರಗಳು ಬೇರೆಬೇರೆ ಕೇಳುತ್ತವೆ. ಉಮ್ಮನಿಗೆ ಒಂದು ಜಾಗ, ಯೂರಾಯಾ ಹೀಪ್‌ಗೆ ಇನ್ನೊಂದು ಜಾಗ. ಎರಡೂ ಬೇರೆ ಬೇರೆ ಸೆಟ್ಟಿನಲ್ಲಿ ರೆಕಾರ್ಡ್ ಆದದ್ದಲ್ವಾ. ಅವತ್ತು ಮೊದಲ ಸಲ ಹಾಡಿನ ಜಾಗ ಬಿಟ್ಟು ಉಮ್ಮನ ಜಾಗಕ್ಕೆ ತಿರುಗಿಸಿದೆ.

ಅಲ್ಲಿಂದ ತಂತಿ ಎಳೆದು ಲ್ಯಾಪ್‌ಟಾಪಿಗೆ. ಆಡಾಸಿಟಿ ಅಂತ ಪುಕ್ಕಟೆ ಸಾಫ್ಟ್‌ವೇರ್ ಉಂಟು, ಅದು ಸಾಕು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸಬೇಕು, ಇಲ್ಲದಿದ್ದರೆ ಗುಂಯ್ ಅನ್ನುವ ಸದ್ದು ಸೇರುತ್ತದೆ. ಮೊದಲ ಸಲ ಓಡಿಸುವಾಗಲೇ ರೆಕಾರ್ಡ್ ಮಾಡಿಕೊಳ್ಳಿ. ಹಳೇ ಟೇಪು ಎರಡನೇ ಸಲ ಓಡುತ್ತದೆ ಅಂತ ನಂಬುವಂತಿಲ್ಲ.

ಕೇಳಿದರೆ ಉಮ್ಮನ ದನಿ ಸ್ವಲ್ಪ ಸಪೂರ. ಆಗ ಅವರ ಮನೆಯ ಸೆಟ್ಟು ನಿಧಾನ ಓಡಿರಬೇಕು, ಹಾಗಾಗಿ ನನ್ನ ಡೆಕ್ಕಿನಲ್ಲಿ ವೇಗ. ಎಷ್ಟು ಇಳಿಸುವುದು? ಹಾಡಾದರೆ ಶ್ರುತಿ ನೋಡಬಹುದು, ಮಾತಿಗೆ ಶ್ರುತಿ ಎಲ್ಲಿಂದ? ಆಗ ಹೊಳೆಯಿತು. ಸೆಟ್ಟನ್ನು ಕರೆಂಟಿಗೆ ಹಾಕಿ ರೆಕಾರ್ಡ್ ಮಾಡಿದ್ದರೆ ಕರೆಂಟಿನ ಗುಂಯ್ ಸದ್ದು ಟೇಪಿನಲ್ಲೂ ಇರಬೇಕು. ಅದು 50 ಹರ್ಟ್ಜ್. ಸಾಫ್ಟ್‌ವೇರಿನಲ್ಲಿ ಗೀಟು ಹಾಕಿ ನೋಡಿದರೆ ಉಮ್ಮನ ದನಿಯ ಅಡಿಯಲ್ಲಿ ಸಣ್ಣದಾಗಿ ಕಾಣುತ್ತಿತ್ತು, 52ರಲ್ಲಿ. 50ಕ್ಕೆ ಇಳಿಸಿದೆ. ಇಷ್ಟು ವರ್ಷ ಗುಂಯ್ ಸದ್ದು ತೆಗೆಯಲು ಗಿರಾಕಿಗಳಿಂದ ದುಡ್ಡು ತೆಗೆದುಕೊಂಡವನು ನಾನು. ಅದು ಉಪಕಾರಕ್ಕೆ ಬಂದದ್ದು ಅದೇ ಮೊದಲು.

ಕಾಕ ಬಂದರು. ಹೆಡ್‌ಫೋನ್ ಬೇಡ ಅಂದರು, ಸ್ಪೀಕರಿನಲ್ಲೇ ಹಾಕಿದೆ. ಕೋಳಿ ಕೂಗಿತು. ಉಮ್ಮ ಶುರು ಮಾಡಿದರು. ಕಾಕ ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ, "ಉಮ್ಮನೇ. ಆದರೆ ಇನ್ನೂ ಒಂಚೂರು ದಪ್ಪ ಆಗಬೇಕು," ಅಂದರು. ಆ ಕಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗಲೂ ಸರಿಯಾಗಿ 50ರಲ್ಲೇ ಎಲ್ಲಿ ಇರುತ್ತಿತ್ತು? ಇನ್ನೂ ಒಂದು ಇಳಿಸಿದೆ. "ಹಾ," ಅಂದರು. ಅಷ್ಟೇ. ಗೀಟಿಗಿಂತ ಅವರ ಕಿವಿಯೇ ಸರಿ ಅಂತ ಅಲ್ಲೇ ಬಿಟ್ಟೆ.

ಮೂರು ಸಲ ಹಾಕಿಸಿದರು. ಮೂರೂ ಸಲ ಟಕ್ ಅಂದ ಮೇಲೆ ನಾನು ನಿಲ್ಲಿಸಲು ಹೋದರೆ ಕೈ ಅಡ್ಡ ಹಿಡಿದು, ಗಲಾಟೆಯೂ ಸ್ವಲ್ಪ ಬರಲಿ ಅಂದರು. ಪೆನ್‌ಡ್ರೈವಿಗೆ ಹಾಕುವಾಗಲೂ ಅದನ್ನು ಕತ್ತರಿಸಬೇಡ ಅಂತ ಹೇಳಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಮಿಕ್ಸಿಯ ಕಪ್ಲರಿನ ದುಡ್ಡು ಮಾತ್ರ ಅವರು ಬಿಡಲಿಲ್ಲ, ಕೊಟ್ಟೇ ಕೊಟ್ಟರು.

ಹೊರಗೆ ಲಾಟರಿ ಅಣ್ಣ ನಿಂತಿದ್ದ. ಕಾಕ ಮೆಟ್ಟಿಲು ಇಳಿದವರು ತಿರುಗಿ ಬಂದರು.

"ಒಂದು ವಿಷಯ ಮೋನೇ. ಉಮ್ಮ ಎಮ್ಮೆ ಕರು ಹಾಕಿತು ಅಂದರಲ್ಲ. ನಮ್ಮಲ್ಲಿ ಎಮ್ಮೆಯೇ ಇರಲಿಲ್ಲ. ಅದು ನಿಮ್ಮ ಮನೆಯದ್ದಾ?"

"ನಮ್ಮಲ್ಲಿ ದನ ಮಾತ್ರ ಕಾಕ."

"ಮತ್ತೆ ಯಾರ ಎಮ್ಮೆ ಅದು?"

ಲಾಟರಿ ಅಣ್ಣ ಟಿಕೆಟು ಬಿಡಿಸಿ ಹಿಡಿದುಕೊಂಡೇ, ಆ ಕಾಲದಲ್ಲಿ ಎಮ್ಮೆ ಇದ್ದದ್ದು ತೋಡಿನ ಆಚೆಯ ಮನೆಯಲ್ಲಿ ಅಂದ. ಅಲ್ಲ, ಅದು 1990ರ ನಂತರ ಅಂತ ಕಾಕ. ಚಹಾದ ಹುಡುಗ ಮೂರು ಗ್ಲಾಸು ಇಟ್ಟು ಹೋದ.